ಮಾರುವವರೇ ಬೋಧಿಸುವ ಮಿತವ್ಯಯ: ವಿದ್ಯುತ್ ಕಂಪನಿಗಳ ಉಳಿತಾಯ ಯೋಜನೆಗಳು ಮತ್ತು ಕರ್ನಾಟಕದ ಅನುಭವ

ಬಟ್ಟೆ ಅಂಗಡಿಯ ಮಾಲೀಕನು ಗಿರಾಕಿಯನ್ನು ಕರೆದು, ಇನ್ನೊಂದು ವರ್ಷ ಹಳೆಯ ಬಟ್ಟೆಯಲ್ಲೇ ಕಾಲ ಹಾಕಿರೆಂದು ಹೇಳುವುದನ್ನು ಯಾರೂ ಕಂಡಿಲ್ಲ. ಆದರೆ ವಿದ್ಯುತ್ ಸರಬರಾಜು ಕಂಪನಿಗಳು ತಮ್ಮ ಬಿಲ್ಲಿನ ಮೇಲೆ, ಉಪವಿಭಾಗ ಕಚೇರಿಯ ಗೋಡೆಯ ಮೇಲೆ, ಪತ್ರಿಕಾ ಜಾಹೀರಾತುಗಳಲ್ಲಿ ತಾವು ಮಾರುವ ಸರಕನ್ನು ಕಡಿಮೆ ಬಳಸಿರೆಂದು ದಶಕಗಳಿಂದ ಹೇಳುತ್ತ ಬಂದಿವೆ. ಹೇಳುವುದಷ್ಟೇ ಅಲ್ಲ, ಅದಕ್ಕಾಗಿ ಹಣವನ್ನೂ ವೆಚ್ಚ ಮಾಡಿವೆ: ಕಂತಿನ ಮೇಲೆ ದೀಪಗಳನ್ನು ಕೊಟ್ಟಿವೆ, ಬಿಲ್ಲಿನಲ್ಲಿ ರಿಯಾಯಿತಿ ನೀಡಿವೆ, ರೈತರ ಪಂಪುಗಳನ್ನು ಬದಲಾಯಿಸಿಕೊಟ್ಟಿವೆ. ಮೇಲ್ನೋಟಕ್ಕೆ ವಿಚಿತ್ರವೆನಿಸುವ ಈ ನಡವಳಿಕೆಯ ಹಿಂದಿನ ಲೆಕ್ಕಾಚಾರವನ್ನು ಅರಿಯದೆ, ಇಂತಹ ಯೋಜನೆಗಳಲ್ಲಿ ಕೆಲವು ಏಕೆ ಫಲಿಸಿದವು, ಕೆಲವು ಏಕೆ ಸೊರಗಿದವು ಎಂಬುದನ್ನು ವಿವೇಚಿಸಲಾಗದು.

ಆರಂಭದಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯತೊಡಗಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಜಲವಿದ್ಯುತ್ ಕೇಂದ್ರಕ್ಕೆ ಒಮ್ಮೆ ಬಂಡವಾಳ ಹೂಡಿದ ಮೇಲೆ ಹೆಚ್ಚು ಮಾರಿದಷ್ಟೂ ಯೂನಿಟ್ಟಿನ ವೆಚ್ಚ ಇಳಿಯುತ್ತದೆ. ಆದ್ದರಿಂದ ಬಳಕೆಯನ್ನು ಬೆಳೆಸುವುದೇ ಅಂದಿನ ವಿವೇಕ. 1960ರ ದಶಕದ ನಡುವಿನ ಬರಗಾಲಗಳ ತರುವಾಯ ದೇಶದಾದ್ಯಂತ ನೀರಾವರಿ ಪಂಪ್‌ಸೆಟ್‌ಗಳಿಗೆ ಸಂಪರ್ಕ ಕೊಡುವುದೇ ಗ್ರಾಮೀಣ ವಿದ್ಯುದೀಕರಣದ ಮುಖ್ಯ ಗುರಿಯಾದಾಗ, ವಿದ್ಯುತ್ ಮಂಡಳಿಗಳು ರೈತರನ್ನು ಗ್ರಾಹಕರನ್ನಾಗಿ ಮಾಡಿಕೊಳ್ಳಲು ಶ್ರಮಿಸಿದ್ದವು. ಇಂದು ಕಡಿಮೆ ಬಳಸಿರೆಂಬ ಮಾತನ್ನು ಕೇಳಬೇಕಾಗಿರುವವರು, ಒಂದು ಕಾಲಕ್ಕೆ ಹೆಚ್ಚು ಬಳಸಿರೆಂಬ ಆಹ್ವಾನವನ್ನು ಪಡೆದವರ ಮಕ್ಕಳು ಮೊಮ್ಮಕ್ಕಳೇ.

ಈ ನೀತಿ ತಿರುಗಿದ್ದು 1973ರ ತೈಲ ಬಿಕ್ಕಟ್ಟಿನ ನಂತರ, ಮೊದಲಿಗೆ ಅಮೆರಿಕದಲ್ಲಿ. ಇಂಧನದ ಬೆಲೆ ಏರಿತು. ಹೊಸ ಸ್ಥಾವರಗಳ ನಿರ್ಮಾಣ ವೆಚ್ಚವೂ ಏರಿತು. ಹೊಸದಾಗಿ ಉತ್ಪಾದಿಸುವ ಒಂದು ಯೂನಿಟ್ ಹಳೆಯ ಯೂನಿಟ್ಟಿಗಿಂತ ದುಬಾರಿಯಾಯಿತು. ಗ್ರಾಹಕನ ಮನೆಯಲ್ಲಿ ಒಂದು ಯೂನಿಟ್ ಉಳಿಸಲು ತಗಲುವ ವೆಚ್ಚವು ಹೊಸದೊಂದು ಯೂನಿಟ್ ಉತ್ಪಾದಿಸುವ ವೆಚ್ಚಕ್ಕಿಂತ ಕಡಿಮೆಯಾಗಿದ್ದರೆ, ಉಳಿತಾಯವೂ ಒಂದು ವಿದ್ಯುತ್ ಸ್ಥಾವರವೇ ಎಂಬ ವಿಚಾರ ಆಗ ಬೇರೂರಿತು. 'ಬೇಡಿಕೆ ನಿರ್ವಹಣೆ' ಎಂದು ಹೆಸರಾದ ಕಾರ್ಯಕ್ರಮಗಳೆಲ್ಲ ಹುಟ್ಟಿದ್ದು ಇಲ್ಲಿಂದ.

ಆದರೆ ಸಮಾಜಕ್ಕೆ ಲಾಭವಾದದ್ದು ಕಂಪನಿಗೂ ಲಾಭವಾಗಬೇಕೆಂದಿಲ್ಲ. ಮಾರಾಟ ಕುಸಿದರೆ ವರಮಾನ ಕುಸಿಯುತ್ತದೆ. ತಂತಿ, ಕಂಬ, ಸಿಬ್ಬಂದಿಯ ಖರ್ಚು ಮಾತ್ರ ಹಾಗೆಯೇ ಉಳಿಯುತ್ತದೆ. ಈ ತೊಡಕನ್ನು ನೇರವಾಗಿ ಎದುರಿಸಿದ್ದು ಕ್ಯಾಲಿಫೋರ್ನಿಯಾ ರಾಜ್ಯ. ಅಲ್ಲಿನ ನಿಯಂತ್ರಣ ಆಯೋಗವು ಮೊದಲು ಅನಿಲ ಕಂಪನಿಗಳಿಗೆ, 1982ರ ಸುಮಾರಿಗೆ ವಿದ್ಯುತ್ ಕಂಪನಿಗಳಿಗೆ, ವರಮಾನವನ್ನು ಮಾರಾಟದಿಂದ ಬೇರ್ಪಡಿಸುವ ಪದ್ಧತಿಯನ್ನು ಜಾರಿಗೆ ತಂದಿತು. ಕಂಪನಿಗೆ ವರ್ಷಕ್ಕೆ ಇಷ್ಟು ವರಮಾನ ಸಲ್ಲಬೇಕೆಂದು ಆಯೋಗವು ಮೊದಲೇ ನಿಗದಿಪಡಿಸುತ್ತದೆ. ಮಾರಾಟ ಕಡಿಮೆಯಾಗಿ ವಸೂಲಿ ಕುಗ್ಗಿದರೆ ಮುಂದಿನ ದರದಲ್ಲಿ ಕೊರತೆ ತುಂಬಿಕೊಡುತ್ತದೆ. ಹೆಚ್ಚಾದರೆ ಗ್ರಾಹಕರಿಗೆ ಹಿಂದಿರುಗಿಸುತ್ತದೆ. ಹೆಚ್ಚು ಮಾರಿದರೆ ಲಾಭವಿಲ್ಲ, ಕಡಿಮೆ ಮಾರಿದರೆ ನಷ್ಟವಿಲ್ಲ ಎಂದಾದಾಗ ಕಂಪನಿಯ ಮಿತವ್ಯಯ ಬೋಧನೆಗೆ ಪ್ರಾಮಾಣಿಕತೆ ಬರುತ್ತದೆ. ನಂತರದ ದಶಕಗಳಲ್ಲಿ ಆ ರಾಜ್ಯದ ತಲಾವಾರು ವಿದ್ಯುತ್ ಬಳಕೆ ಹೆಚ್ಚುಕಡಿಮೆ ಸ್ಥಿರವಾಗಿ ಉಳಿದದ್ದಕ್ಕೆ ಕಟ್ಟಡ ಮತ್ತು ಗೃಹೋಪಕರಣಗಳ ಮಾನದಂಡಗಳೂ ಅನುಕೂಲಕರ ಹವಾಮಾನವೂ ಕಾರಣ. ಎಲ್ಲ ಶ್ರೇಯಸ್ಸನ್ನೂ ಕಂಪನಿಗಳಿಗೆ ಕಟ್ಟುವುದು ಅತಿಶಯೋಕ್ತಿಯಾಗುತ್ತದೆ.

ಕರ್ನಾಟಕದಲ್ಲಿ ಈ ವಿಚಾರ ಆಮದು ಸರಕಾಗಿ ಬರಲಿಲ್ಲವೆಂಬುದು ಗಮನಾರ್ಹ. ಬೆಂಗಳೂರಿನಲ್ಲೇ 1930ರಲ್ಲಿ ಜನಿಸಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ತಂತ್ರಜ್ಞಾನದ 'ಅಸ್ತ್ರ' ಕೇಂದ್ರವನ್ನು ಕಟ್ಟಿದ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು (ನಿಧನ 2006) 1980ರ ದಶಕದಿಂದಲೂ ಒಂದು ಮೂಲಭೂತ ಪ್ರಶ್ನೆಯನ್ನು ಎತ್ತಿದರು. ಜನರಿಗೆ ಬೇಕಾಗಿರುವುದು ವಿದ್ಯುತ್ತೋ, ವಿದ್ಯುತ್ತಿನಿಂದ ದೊರೆಯುವ ಬೆಳಕು, ನೀರು, ಬಿಸಿಯೋ? ಎರಡನೆಯದೇ ಆಗಿದ್ದಲ್ಲಿ ಯೋಜನೆಯ ಲೆಕ್ಕ ಸ್ಥಾವರದಿಂದಲ್ಲ, ಮನೆ ಮತ್ತು ಹೊಲದಿಂದ ಆರಂಭವಾಗಬೇಕು. 1987ರಲ್ಲಿ ರಾಜ್ಯದ ದೀರ್ಘಾವಧಿ ವಿದ್ಯುತ್ ಯೋಜನಾ ಸಮಿತಿಯು 2000ನೇ ಇಸವಿಗೆ ಬೇಕಾಗುವ ವಿದ್ಯುತ್ತನ್ನು ಹಳೆಯ ಬೆಳವಣಿಗೆಯ ಗತಿಯನ್ನು ಮುಂದಕ್ಕೆ ಎಳೆದು ಅಂದಾಜು ಮಾಡಿತ್ತು. ರೆಡ್ಡಿ ಮತ್ತು ಸಹೋದ್ಯೋಗಿಗಳು 1991ರಲ್ಲಿ ಪ್ರಕಟಿಸಿದ 'ಡಿಫೆಂಡಸ್' ಎಂಬ ಪರ್ಯಾಯ ಚಿತ್ರಣವು, ಎಲ್ಲ ಮನೆಗಳಿಗೂ ಸಂಪರ್ಕ ಕೊಟ್ಟ ಮೇಲೆಯೂ ದಕ್ಷ ದೀಪ, ಸೌರ ಜಲತಾಪಕ, ಉತ್ತಮ ಪಂಪುಗಳ ಮೂಲಕ ಆ ಅಂದಾಜಿನ ಐದರಲ್ಲಿ ಎರಡು ಪಾಲಿನಷ್ಟರಲ್ಲೇ ಕೆಲಸ ಸಾಗೀತೆಂದು ತೋರಿಸಿತು. ದೀಪ, ಜಲತಾಪಕ, ಪಂಪು ಈ ಮೂರೂ ಮುಂದೆ ರಾಜ್ಯದ ಉಳಿತಾಯ ಯೋಜನೆಗಳ ಮೂರು ಕವಲುಗಳಾದವು. ಅವುಗಳ ಗತಿ ಮಾತ್ರ ಬೇರೆಬೇರೆಯಾಯಿತು.

ಅನುಷ್ಠಾನದ ಹೊಣೆ ಹೊರಲು ಸಂಸ್ಥೆಗಳು ರೂಪುಗೊಂಡದ್ದು ತಡವಾಗಿ. 1999ರಲ್ಲಿ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸ್ಥಾಪನೆಯಾಯಿತು. 2002ರಲ್ಲಿ ವಿತರಣೆಯು ಬೆಸ್ಕಾಂ ಮೊದಲಾದ ಪ್ರಾದೇಶಿಕ ಕಂಪನಿಗಳಿಗೆ ಹಂಚಿಕೆಯಾಯಿತು. ಅದೇ ವರ್ಷ ಕೇಂದ್ರದ ಇಂಧನ ಸಂರಕ್ಷಣಾ ಕಾಯ್ದೆಯಡಿ ಇಂಧನ ದಕ್ಷತಾ ಬ್ಯೂರೋ ಕೆಲಸ ಆರಂಭಿಸಿತು. ಬೆಸ್ಕಾಂ 2004ರ ಕೊನೆಯಲ್ಲಿ ಕೈಗೊಂಡ ದಕ್ಷ ದೀಪ ಯೋಜನೆಯು ಭಾರತದಲ್ಲಿ ಈ ಬಗೆಯ ಮೊದಮೊದಲ ಪ್ರಯತ್ನಗಳಲ್ಲಿ ಒಂದು. ಸಿಎಫ್‌ಎಲ್ ದೀಪ ಆಗ ಸಾಮಾನ್ಯ ಬಲ್ಬಿಗಿಂತ ಹಲವು ಪಟ್ಟು ದುಬಾರಿ. ಅಗ್ಗದ ನಕಲಿ ಮಾಲು ಬೇಗನೆ ಸುಟ್ಟುಹೋಗುತ್ತಿದ್ದುದರಿಂದ ಜನರಿಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಕಂಪನಿಯು ಆಯ್ದ ತಯಾರಕರ ದೀಪಗಳಿಗೆ ಖಾತರಿ ಕೊಡಿಸಿ, ಬೆಲೆಯನ್ನು ಒಂಬತ್ತು ತಿಂಗಳ ಕಂತುಗಳಲ್ಲಿ ವಿದ್ಯುತ್ ಬಿಲ್ಲಿನ ಮೂಲಕವೇ ತೀರಿಸುವ ಅವಕಾಶ ಕಲ್ಪಿಸಿತು.

ಇದರ ಲೆಕ್ಕ ಸರಳ. 60 ವಾಟಿನ ಬಲ್ಬಿನ ಬದಲು 14 ವಾಟಿನ ಸಿಎಫ್‌ಎಲ್ ದಿನಕ್ಕೆ ಐದು ಗಂಟೆ ಉರಿದರೆ ದಿನಕ್ಕೆ 0.23 ಯೂನಿಟ್, ತಿಂಗಳಿಗೆ ಸುಮಾರು 7 ಯೂನಿಟ್ ಉಳಿಯುತ್ತದೆ. ಉಳಿದ ಯೂನಿಟ್ಟುಗಳ ಹಣವು ಕಂತಿಗೆ ಹೆಚ್ಚುಕಡಿಮೆ ಸರಿಹೊಂದುವುದರಿಂದ ಗ್ರಾಹಕನಿಗೆ ಕೈಯಿಂದ ಬೀಳುವುದು ಅಲ್ಪ. ಆದರೆ ಕಂಪನಿಯ ಕಡೆಯ ಲೆಕ್ಕವು ಇಷ್ಟು ಸರಳವಲ್ಲ. ಉದಾಹರಣೆಗಾಗಿ, ಕಂಪನಿಯು ಯೂನಿಟ್ಟಿಗೆ 4 ರೂಪಾಯಿಯಂತೆ ಕೊಳ್ಳುತ್ತದೆ, ತಂತಿಯಲ್ಲಿ ನೂರಕ್ಕೆ 20 ಭಾಗ ನಷ್ಟವಾಗುತ್ತದೆ ಎಂದಿಟ್ಟುಕೊಳ್ಳೋಣ. ಮನೆ ಬಾಗಿಲಿಗೆ ಒಂದು ಯೂನಿಟ್ ಮುಟ್ಟಿಸಲು 1.25 ಯೂನಿಟ್ ಕೊಳ್ಳಬೇಕು, ಅಂದರೆ 5 ರೂಪಾಯಿ. ಆ ಮನೆ ಕೆಳಹಂತದ ದರದಲ್ಲಿ 3 ರೂಪಾಯಿ ಕೊಡುವುದಾದರೆ, ಅಲ್ಲಿ ಉಳಿದ ಪ್ರತಿ ಯೂನಿಟ್ಟೂ ಕಂಪನಿಗೆ 2 ರೂಪಾಯಿ ಉಳಿಸುತ್ತದೆ. ಯೂನಿಟ್ಟಿಗೆ 8 ರೂಪಾಯಿ ಕೊಡುವ ಅಂಗಡಿಯವನು ಅದೇ ದೀಪ ಹಾಕಿದರೆ ಕಂಪನಿ 3 ರೂಪಾಯಿ ಕಳೆದುಕೊಳ್ಳುತ್ತದೆ. ದೀಪ ಒಂದೇ, ಉಳಿತಾಯ ಒಂದೇ. ಅದು ಲಾಭವೋ ನಷ್ಟವೋ ಎಂಬುದು ಯಾರ ಮನೆಯ ಮೀಟರ್ ನಿಧಾನವಾಯಿತೆಂಬುದರ ಮೇಲೆ ನಿಂತಿದೆ.

ಈ ತರ್ಕದಂತೆ ನಡೆಯುವುದಾದರೆ ಮೊದಲ ದೀಪ ಭಾಗ್ಯಜ್ಯೋತಿ, ಕುಟೀರಜ್ಯೋತಿ ಸಂಪರ್ಕದ ಬಡವರ ಗುಡಿಸಲಿಗೆ ಉಚಿತವಾಗಿ ಹೋಗಬೇಕಿತ್ತು. ಆದರೆ ಕಂತಿನ ಯೋಜನೆಗೆ ಸಹಜವಾಗಿ ಒಗ್ಗುವವರು ಬಿಲ್ಲನ್ನು ತಪ್ಪದೆ ಪಾವತಿಸುವ ನಗರವಾಸಿಗಳು. ಹಾಗೆಂದು ಯೋಜನೆ ನಿರರ್ಥಕವೆಂದೇನೂ ಅಲ್ಲ. ದೀಪಗಳೆಲ್ಲ ಒಟ್ಟಿಗೆ ಹತ್ತುವುದು ಸಂಜೆ ಆರರ ನಂತರ, ಬೇಡಿಕೆ ತುದಿ ಮುಟ್ಟುವ ಹೊತ್ತಿನಲ್ಲಿ. ಆಗ ಕೊಳ್ಳುವ ವಿದ್ಯುತ್ ಸರಾಸರಿಗಿಂತ ತುಟ್ಟಿ. ಲೋಡ್ ಶೆಡ್ಡಿಂಗ್ ಕಾಡುತ್ತಿದ್ದ ವರ್ಷಗಳಲ್ಲಿ ಆ ಎರಡು ಮೂರು ಗಂಟೆಗಳ ಹೊರೆ ಇಳಿಸುವುದಕ್ಕೆ ಬೇರೆಯೇ ಬೆಲೆಯಿತ್ತು.

ದೀಪಗಳ ಕಥೆ ಮುಗಿದದ್ದು 2015ರಲ್ಲಿ ಆರಂಭವಾದ ಎಲ್‌ಇಡಿ ಯೋಜನೆಯಿಂದ. ಕೇಂದ್ರ ಸರ್ಕಾರಿ ಉದ್ಯಮಗಳ ಸಹಭಾಗಿತ್ವದ ಇಇಎಸ್‌ಎಲ್ ಸಂಸ್ಥೆಯು ಕೋಟಿಗಟ್ಟಲೆ ಬಲ್ಬುಗಳಿಗೆ ಒಟ್ಟಾಗಿ ಟೆಂಡರ್ ಕರೆದುದರಿಂದ, 2014ರಲ್ಲಿ 310 ರೂಪಾಯಿಯಷ್ಟಿದ್ದ ಖರೀದಿ ಬೆಲೆ ಎರಡೇ ವರ್ಷಗಳಲ್ಲಿ 38 ರೂಪಾಯಿಗೆ ಇಳಿಯಿತು. ಕರ್ನಾಟಕದಲ್ಲಿ ಇದು 'ಹೊಸ ಬೆಳಕು' ಎಂಬ ಹೆಸರಿನಲ್ಲಿ ನಡೆಯಿತು. ದೇಶದಲ್ಲಿ ಹಂಚಿಕೆಯಾದ ಬಲ್ಬುಗಳ ಸಂಖ್ಯೆ 36 ಕೋಟಿ ದಾಟಿತು. ಇಂದು ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಎಲ್‌ಇಡಿ ಬಲ್ಬು ದೊರೆಯುತ್ತದೆ. ಕಂತು, ರಿಯಾಯಿತಿ ಯಾವುದೂ ಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಈ ಯೋಜನೆಯಿಂದ ಇಷ್ಟು ಕೋಟಿ ಯೂನಿಟ್ ಉಳಿಯಿತೆಂದು ಪ್ರಕಟವಾಗುವ ಅಂಕಿಗಳು ಅಳೆದು ಪಡೆದವಲ್ಲ. ಒಂದು ಬಲ್ಬಿಗೆ ಇಷ್ಟೆಂದು ಹಿಡಿದು ಗುಣಿಸಿ ಪಡೆದ ಅಂದಾಜುಗಳು.

ಜನಪ್ರಿಯ ಚರ್ಚೆಯಲ್ಲಿ ದೀಪಕ್ಕೆ ಸಂದ ಗಮನ ಬಚ್ಚಲುಮನೆಗೆ ಸಲ್ಲಲಿಲ್ಲ. 100 ಲೀಟರ್ ನೀರನ್ನು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಸುಮಾರು 3.5 ಯೂನಿಟ್ ಬೇಕು. ಅಂದರೆ ಗೀಸರ್ ಬದಲಿಗೆ ಬಂದ ಒಂದು ಸೌರ ಜಲತಾಪಕವು ಬಿಸಿಲಿರುವ ದಿನ ಉಳಿಸುವ ವಿದ್ಯುತ್ತು ಹದಿನೈದು ಸಿಎಫ್‌ಎಲ್ ದೀಪಗಳು ಉಳಿಸುವುದಕ್ಕೆ ಸಮ; ಅದೂ ಬೆಂಗಳೂರಿನ ಎಲ್ಲ ಗೀಸರ್‌ಗಳೂ ಒಟ್ಟಿಗೆ ಕೆಲಸ ಮಾಡುವ ಬೆಳಗಿನ ಹೊತ್ತಿನಲ್ಲಿ. ಸೌರ ಜಲತಾಪಕ ಅಳವಡಿಸಿದ ಮನೆಗಳಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ದೊರೆಯಿತು. 2007ರ ಹೊತ್ತಿಗೆ ನಿರ್ದಿಷ್ಟ ವಿಸ್ತೀರ್ಣಕ್ಕೆ ಮೀರಿದ ಹೊಸ ಕಟ್ಟಡಗಳಿಗೆ ಇದು ಕಡ್ಡಾಯವಾಗಿ, ವಿದ್ಯುತ್ ಸಂಪರ್ಕ ಪಡೆಯುವ ಷರತ್ತುಗಳಲ್ಲಿ ಸೇರಿತು. ತಾರಸಿಗಳ ಮೇಲೆ ಸಾಲುಸಾಲಾಗಿ ಕಾಣುವ ಜಲತಾಪಕಗಳಿಗೆ ಬೆಂಗಳೂರು ಹೆಸರಾಗಲು ಬಿಸಿಲು ಎಷ್ಟು ಕಾರಣವೋ ಈ ಷರತ್ತೂ ಅಷ್ಟೇ ಕಾರಣ. ಆದರೆ ಬಾಡಿಗೆ ಮನೆಗಳಲ್ಲಿ ಜಲತಾಪಕದ ಬೆಲೆ ತೆರಬೇಕಾದವನು ಮಾಲೀಕ, ಬಿಲ್ಲು ಕಟ್ಟುವವನು ಬಾಡಿಗೆದಾರ. ಒಬ್ಬನ ಹಣದಿಂದ ಇನ್ನೊಬ್ಬನಿಗೆ ಉಳಿತಾಯವಾಗುವಲ್ಲಿ 50 ರೂಪಾಯಿಯ ರಿಯಾಯಿತಿ ಯಾರನ್ನೂ ಪ್ರೇರೇಪಿಸಲಾರದು, ನಿಯಮವೇ ಬೇಕಾಗುತ್ತದೆ.

ವಸ್ತುವಿನ ಬದಲು ಮಾತಿನಿಂದಲೇ ಬಳಕೆಯನ್ನು ಕುಗ್ಗಿಸುವ ಪ್ರಯೋಗಗಳೂ ನಡೆದಿವೆ. ಅಮೆರಿಕದ ಸ್ಯಾಕ್ರಮೆಂಟೊ ನಗರದ ವಿದ್ಯುತ್ ಸಂಸ್ಥೆಯು 2008ರಲ್ಲಿ ಆಯ್ದ ಮನೆಗಳಿಗೆ ಅವುಗಳ ಬಳಕೆಯನ್ನು ನೆರೆಹೊರೆಯ ಮನೆಗಳೊಡನೆ ಹೋಲಿಸುವ ಪತ್ರಗಳನ್ನು ಕಳುಹಿಸತೊಡಗಿತು. ಅನೇಕ ಕಂಪನಿಗಳು ಇದನ್ನು ಅನುಸರಿಸಿದ ಮೇಲೆ ನಡೆದ ವಿಶ್ಲೇಷಣೆಯಲ್ಲಿ ಕಂಡ ಸರಾಸರಿ ಇಳಿಕೆ ಶೇಕಡಾ 2ರಷ್ಟು. ನೆರೆಯವರಿಗಿಂತ ತಾವು ಕಡಿಮೆ ಬಳಸುತ್ತಿದ್ದೇವೆಂದು ತಿಳಿದ ಮನೆಗಳು ಬಳಕೆಯನ್ನು ಹೆಚ್ಚಿಸಿಕೊಂಡದ್ದೂ, ಪತ್ರದಲ್ಲಿ ಮೆಚ್ಚುಗೆಯ ನಗುಮುಖವೊಂದನ್ನು ಬರೆದರೆ ಆ ಏರಿಕೆ ತಪ್ಪಿದ್ದೂ 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ವರದಿಯಾಗಿದೆ. ಫ್ಯಾನು, ದೀಪ, ಟಿವಿಗಳಷ್ಟೇ ಇರುವ ಮನೆಗಳಲ್ಲಿ ಇಂತಹ ಪತ್ರದಿಂದ ಕುಗ್ಗಿಸಬಹುದಾದ್ದು ಅತ್ಯಲ್ಪವೆಂದು ಬೇರೆ ಹೇಳಬೇಕಿಲ್ಲ.

ಪತ್ರಕ್ಕಿಂತ ಗಟ್ಟಿಯಾಗಿ ಮಾತನಾಡುವುದು ದರಪಟ್ಟಿ. ಹೆಚ್ಚು ಬಳಸಿದಂತೆ ದರ ಏರುವ ಹಂತಗಳ ವ್ಯವಸ್ಥೆ ರಾಜ್ಯದಲ್ಲಿ ಬಹುಕಾಲ ಜಾರಿಯಲ್ಲಿದ್ದು, ಯಾವ ಘೋಷಣೆಯೂ ಇಲ್ಲದೆ ಮಿತವ್ಯಯವನ್ನು ಕಲಿಸುತ್ತಿತ್ತು. 2024ರಲ್ಲಿ ಆಯೋಗವು ಗೃಹಬಳಕೆಗೆ ಏಕರೂಪದ ದರ ವಿಧಿಸಿದಾಗ ಆ ಪಾಠ ನಿಂತುಹೋಯಿತು. ಅದಕ್ಕೂ ಮುನ್ನ, 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯು 200 ಯೂನಿಟ್ಟುಗಳ ಮಿತಿಯೊಳಗೆ, ಹಿಂದಿನ ವರ್ಷದ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡಾ 10ರಷ್ಟನ್ನು ಉಚಿತವಾಗಿಸಿತು. ಬಡ ಕುಟುಂಬಗಳಿಗೆ ಇದರಿಂದಾದ ನೆಮ್ಮದಿಯನ್ನು ಅಲ್ಲಗಳೆಯಲಾಗದು. ಪ್ರತಿ ಮನೆಗೂ ಮಿತಿ ಇರುವುದರಿಂದ ಬಳಕೆಗೆ ಲಗಾಮೂ ಇದೆ. ಆದರೆ ಆ ಮುಂಚೆಯೇ ಎಲ್‌ಇಡಿ ಹಾಕಿ, ಜಲತಾಪಕ ಕೂರಿಸಿ ಬಳಕೆ ತಗ್ಗಿಸಿದ್ದ ಮನೆಗೆ ದೊರೆತ ಉಚಿತ ಪ್ರಮಾಣ ಕಡಿಮೆ. ನೆರೆಯಲ್ಲಿ ಗೀಸರ್ ಉರಿಸುತ್ತಿದ್ದ ಮನೆಗೆ ಹೆಚ್ಚು. ಉಳಿತಾಯ ಮಾಡಿದವನಿಗೆ ಹೀಗೆ ದಂಡ ಬೀಳುವುದನ್ನು ಯೋಜಕರು ಬಯಸಿರಲಾರರು.

ಇಷ್ಟಾದರೂ ಮನೆಗಳಲ್ಲಿ ಮೀಟರ್ ಇದೆ. ಉಳಿಸಿದ್ದನ್ನು ಲೆಕ್ಕ ಹಾಕಬಹುದು. ಹೊಲದ ಕಥೆ ಬೇರೆ. ರಾಜ್ಯದಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ಮೂರನೆಯ ಒಂದು ಭಾಗದಷ್ಟು 30 ಲಕ್ಷಕ್ಕೂ ಮೀರಿದ ಕೃಷಿ ಪಂಪ್‌ಸೆಟ್‌ಗಳಿಗೆ ಸಲ್ಲುತ್ತದೆ. ಮೊದಲು ಅಶ್ವಶಕ್ತಿಗೆ ಇಷ್ಟೆಂಬ ನಿಗದಿತ ದರವಿದ್ದು, 2008ರಿಂದ 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ ವಿದ್ಯುತ್ ಉಚಿತವಾಗಿದೆ. ಉಳಿತಾಯಕ್ಕೆ ಇದಕ್ಕಿಂತ ದೊಡ್ಡ ಅವಕಾಶ ಇನ್ನೆಲ್ಲೂ ಇಲ್ಲ. 1000 ಲೀಟರ್ ನೀರನ್ನು 100 ಮೀಟರ್ ಎತ್ತರಿಸಲು ಭೌತಶಾಸ್ತ್ರದ ಪ್ರಕಾರ ಬೇಕಾದದ್ದು 0.27 ಯೂನಿಟ್. ಶೇಕಡಾ 25ರ ದಕ್ಷತೆಯ ಹಳೆಯ ಪಂಪು ಅದಕ್ಕೆ 1.1 ಯೂನಿಟ್ ತಿನ್ನುತ್ತದೆ. ಶೇಕಡಾ 45ರ ಪಂಪಿಗೆ 0.6 ಯೂನಿಟ್ ಸಾಕು. ಇದರಲ್ಲಿ ರೈತನ ಅಲಕ್ಷ್ಯಕ್ಕಿಂತ ಪರಿಸ್ಥಿತಿಯ ಪಾಲೇ ಹೆಚ್ಚು. ವೋಲ್ಟೇಜ್ ಕುಸಿದು ಮೋಟಾರು ಸುಡುತ್ತದೆ, ಸಮೀಪದ ಪೇಟೆಯಲ್ಲಿ ಅದನ್ನು ಮರುಸುತ್ತಿಸಿದಾಗಲೆಲ್ಲ ದಕ್ಷತೆ ಇಳಿಯುತ್ತದೆ. ಕರೆಂಟು ಯಾವ ಹೊತ್ತಿಗೆ ಬರುವುದೋ ತಿಳಿಯದ್ದರಿಂದ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾರೆ, ನಡುರಾತ್ರಿ ಪಂಪು ತಾನಾಗಿ ಓಡಿ ನೀರು ಬದುವಿನಾಚೆಗೂ ಹರಿಯುತ್ತದೆ.

ಬೆಸ್ಕಾಂ ವ್ಯಾಪ್ತಿಯ ದೊಡ್ಡಬಳ್ಳಾಪುರ ಪ್ರದೇಶದಲ್ಲಿ ಅಮೆರಿಕದ ನೆರವಿನಿಂದ ನೀರು ಮತ್ತು ವಿದ್ಯುತ್ತಿನ ನಂಟನ್ನು ಅಧ್ಯಯನ ಮಾಡಿದ ಯೋಜನೆಯ ಮುಂದುವರಿಕೆಯಾಗಿ, ಖಾಸಗಿ ಸಂಸ್ಥೆಯೊಂದು ತನ್ನ ಬಂಡವಾಳದಿಂದ ಪಂಪು ಬದಲಿಸಿ, ಉಳಿತಾಯದಲ್ಲಿ ಪಾಲು ಪಡೆಯುವ ಪ್ರಯೋಗ ನಡೆಯಿತು. ರೈತನಿಗೆ ಹೊಸ ಪಂಪು ಪುಕ್ಕಟೆ. ಬದಲಾದ ಪಂಪುಗಳು ಮುನ್ನೂರಕ್ಕೂ ಕಡಿಮೆ. ತಾಂತ್ರಿಕವಾಗಿ ದಕ್ಷತೆ ಹೆಚ್ಚಿದರೂ, ರಾಜ್ಯದ ಲಕ್ಷಾಂತರ ಪಂಪುಗಳಿಗೆ ಇದು ಹರಡಲಿಲ್ಲ. ಇಂತಹ ಯೋಜನೆಗಳ ತೊಡಕು ಯಂತ್ರದಲ್ಲಿಲ್ಲ, ಲೆಕ್ಕದಲ್ಲಿದೆ. ದಿನಕ್ಕೆ ಇಷ್ಟೇ ಗಂಟೆ ಕರೆಂಟು ಎಂಬ ಪದ್ಧತಿಯಲ್ಲಿ, ಅಷ್ಟೇ ಅಶ್ವಶಕ್ತಿಯ ದಕ್ಷ ಪಂಪು ಅಷ್ಟೇ ವಿದ್ಯುತ್ ಬಳಸಿ ಹೆಚ್ಚು ನೀರೆತ್ತುತ್ತದೆ. ರೈತನಿಗೆ ಅದು ವರವೇ. ವಿದ್ಯುತ್ ಮಾತ್ರ ಉಳಿಯುವುದಿಲ್ಲ, ಅಂತರ್ಜಲ ಇನ್ನಷ್ಟು ಬೇಗ ಇಳಿಯುತ್ತದೆ. ಕಡಿಮೆ ಅಶ್ವಶಕ್ತಿಯ ಪಂಪು ಹಾಕಿದರೆ ಉಳಿಯುತ್ತದೆ, ಆದರೆ ಕೊಳವೆಬಾವಿಯ ನೀರು ವರ್ಷವರ್ಷ ಆಳಕ್ಕೆ ಸರಿಯುವ ಸೀಮೆಯಲ್ಲಿ ಸಣ್ಣ ಪಂಪನ್ನು ಒಪ್ಪಲು ಯಾವ ರೈತನೂ ಹಿಂಜರಿಯುತ್ತಾನೆ.

ಇನ್ನೊಂದು ಸಂಗತಿಯನ್ನು ನೇರವಾಗಿ ಹೇಳಬೇಕಾಗಿದೆ. ಮೀಟರಿಲ್ಲದ ಪಂಪುಗಳ ಬಳಕೆಯನ್ನು ಕಂಪನಿಗಳು ಅಂದಾಜಿನಿಂದ ತೋರಿಸುತ್ತವೆ. ಆ ಅಂದಾಜಿನ ಮೇಲೆ ಸರ್ಕಾರ ಸಹಾಯಧನ ಕೊಡುತ್ತದೆ. ಸಾಗಣೆಯಲ್ಲಿ ಸೋರಿದ್ದು, ಕಳುವಾದದ್ದು ಕೂಡ ರೈತನ ಹೆಸರಿನಲ್ಲಿ ಜಮಾ ಆಗಲು ಇಲ್ಲಿ ಎಡೆಯಿದೆ. ಅಂದಾಜಿನಲ್ಲಿ ಅಡಗಿದ ನಷ್ಟವನ್ನು ಹೊರಗೆಳೆಯಬಲ್ಲ ಮೀಟರನ್ನು ಅಳವಡಿಸುವುದರಲ್ಲಿ ಕಂಪನಿಗೂ ಅಂತಹ ಆತುರವಿರುವುದಿಲ್ಲ. ಹಳ್ಳಿಯ ಮನೆಗಳ ಮತ್ತು ಪಂಪುಗಳ ಫೀಡರುಗಳನ್ನು ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯಿಂದ ಪಂಪುಗಳ ಒಟ್ಟು ಬಳಕೆಯನ್ನು ಫೀಡರ್ ಮಟ್ಟದಲ್ಲಾದರೂ ಅಳೆಯುವುದು ಸಾಧ್ಯವಾಯಿತು. ಆದರೆ ನೂರಾರು ಪಂಪುಗಳು ಒಂದು ಫೀಡರಿನಲ್ಲಿರುವಾಗ ಒಬ್ಬ ರೈತ ಉಳಿಸಿದ್ದು ಯಾರ ಕಣ್ಣಿಗೂ ಬೀಳದು.

ಉಳಿಸಿದ್ದು ಕಣ್ಣಿಗೆ ಬೀಳುವಂತೆ, ಕೈಗೆ ಹಣ ಬರುವಂತೆ ಮಾಡಿದ ಎರಡು ಪ್ರಯೋಗಗಳಿವೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯ ಸುತ್ತ 'ಸೂರ್ಯ ರೈತ' ಯೋಜನೆಯಡಿ ಮುನ್ನೂರಕ್ಕೂ ಹೆಚ್ಚು ರೈತರ ಪಂಪುಗಳಿಗೆ ಸೌರ ಫಲಕಗಳನ್ನು ಜೋಡಿಸಿ, ನೀರೆತ್ತಿ ಮಿಕ್ಕ ವಿದ್ಯುತ್ತನ್ನು ಕಂಪನಿ ಕೊಳ್ಳುವ ಏರ್ಪಾಡಾಯಿತು. ಎತ್ತದೆ ಬಿಟ್ಟ ನೀರಿಗೂ ಅಲ್ಲಿ ಬೆಲೆ ಬಂತು. ಇನ್ನೊಂದು 2018ರಲ್ಲಿ ಪಂಜಾಬಿನಲ್ಲಿ ಆರಂಭವಾದ 'ಪಾನಿ ಬಚಾವೋ, ಪೈಸೆ ಕಮಾವೋ' ಯೋಜನೆ. ಅಲ್ಲಿಯೂ ರೈತರಿಗೆ ವಿದ್ಯುತ್ ಉಚಿತ, ಪಂಪಿಗೆ ಮೀಟರಿಲ್ಲ. ಒಪ್ಪಿ ಬಂದ ರೈತರ ಪಂಪಿಗೆ ಮೀಟರ್ ಅಳವಡಿಸಿ, ಇಂತಿಷ್ಟು ಯೂನಿಟ್ಟೆಂಬ ಪ್ರಮಾಣ ಗೊತ್ತುಮಾಡಿ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿಯಂತೆ ರೈತನ ಬ್ಯಾಂಕ್ ಖಾತೆಗೆ ಜಮಾ ಮಾಡಲಾಯಿತು. ಆರಂಭದಲ್ಲಿ ಕೆಲವೇ ಫೀಡರುಗಳಿಗೆ ಸೀಮಿತವಾಗಿದ್ದ ಈ ಪ್ರಯೋಗದ ಹೊಸತನ ಹಣದಲ್ಲಷ್ಟೇ ಇಲ್ಲ. ಗೊತ್ತುಮಾಡಿದ ಪ್ರಮಾಣ ಮೀರಿದರೂ ಬಿಲ್ಲು ಬರುವುದಿಲ್ಲ ಎಂಬುದು ಅದರ ಷರತ್ತು.

ಕರ್ನಾಟಕದ ರೈತ ಸಮುದಾಯದಲ್ಲಿ ಮೀಟರಿನ ಬಗೆಗಿರುವ ವಿರೋಧ ಈ ಷರತ್ತಿನ ಸುತ್ತಲೇ ಇದೆ. ಇಂದು ಮೀಟರ್ ಬಂದರೆ ನಾಳೆ ಬಿಲ್ಲು ಬರುತ್ತದೆ ಎಂಬ ಅವರ ಶಂಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆಯೋಗದ ಆದೇಶಗಳು ಮೀಟರ್ ಅಳವಡಿಕೆಗೆ ಮತ್ತೆ ಮತ್ತೆ ಗಡುವು ಕೊಟ್ಟಿವೆ, ಗಡುವುಗಳು ಮೀರಿವೆ. ಬಿಲ್ಲಿಗಾಗಿ ಅಲ್ಲ, ಕಡಿಮೆ ಎತ್ತಿದ ನೀರಿಗೆ ಹಣ ಕೊಡುವುದಕ್ಕಾಗಿ ಈ ಮೀಟರ್ ಎಂದು ಕಂಪನಿಯೊಂದು ಬರೆದುಕೊಟ್ಟು ಬೋರ್‌ವೆಲ್ಲಿನ ಬಳಿಗೆ ಬಂದರೆ ರೈತರು ಏನೆನ್ನುವರೆಂಬುದನ್ನು ದೊಡ್ಡ ಪ್ರಮಾಣದಲ್ಲಿ ಕೇಳಿ ನೋಡುವ ಕೆಲಸ ರಾಜ್ಯದಲ್ಲಿ ಇನ್ನೂ ಬಾಕಿಯಿದೆ.